ಪ್ಲಗ್ಗಿನ ಬಣ್ಣ ಎಷ್ಟು ನಿಜ ಹೇಳುತ್ತದೆ?

ಓದುಗರ ಪ್ರಶ್ನೆ, ತಜ್ಞರ ಉತ್ತರ

ಸ್ಪಾರ್ಕ್ ಪ್ಲಗ್ ಬಿಚ್ಚಿ ನೋಡಿ ಎಂಜಿನ್ನಿನ ಪೆಟ್ರೋಲ್-ಗಾಳಿ ಮಿಶ್ರಣ ಸರಿಯಿದೆಯೇ ಎಂದು ಹೇಳುವುದು ಹೇಗೆ? ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಇದನ್ನೇ ಕೇಳಿವೆ, ಆದ್ದರಿಂದ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ. ಗ್ಯಾರೇಜಿನ ಮಾತಿನಂತೆ, ಪೆಟ್ರೋಲ್ ಹೆಚ್ಚಾದ ಮಿಶ್ರಣಕ್ಕೆ ‘ರಿಚ್’ ಎಂದೂ ಗಾಳಿ ಹೆಚ್ಚಾದ ಮಿಶ್ರಣಕ್ಕೆ ‘ಲೀನ್’ ಎಂದೂ ಬರೆದಿದ್ದೇವೆ.

ಪ್ರಶ್ನೆ: ನನ್ನದು ಕಾರ್ಬುರೇಟರ್ ಇರುವ 150 ಸಿಸಿ ಫೋರ್-ಸ್ಟ್ರೋಕ್ ಬೈಕ್. ಪ್ಲಗ್ ಬಿಚ್ಚಿದರೆ ನಡುವಿನ ಎಲೆಕ್ಟ್ರೋಡಿನ ಸುತ್ತಲಿನ ಪಿಂಗಾಣಿ ಹೆಚ್ಚುಕಡಿಮೆ ಬೆಳ್ಳಗೇ ಇದೆ. ಹಳೆಯ ಕೈಪಿಡಿಯಲ್ಲಿ ಕಂದು ಬಣ್ಣ ಇರಬೇಕು ಎಂದಿದೆ. ಗಾಡಿ ಚೆನ್ನಾಗಿಯೇ ಓಡುತ್ತಿದೆ. ಮಿಶ್ರಣ ಲೀನ್ ಆಗಿದೆ ಎಂದುಕೊಂಡು ದೊಡ್ಡ ಮೇನ್ ಜೆಟ್ (ಕಾರ್ಬುರೇಟರಿನಲ್ಲಿ ಪೆಟ್ರೋಲ್ ಹಾಯುವ ಅಳತೆಯ ತೂತು) ಹಾಕಲೇ?

ಉತ್ತರ: ಈಗಲೇ ಹಾಕಬೇಡಿ. ಆ ಕೈಪಿಡಿ ಸೀಸ ಬೆರೆತ ಪೆಟ್ರೋಲಿನ ಕಾಲದ್ದಿರಬೇಕು. ಆಗ ಪಿಂಗಾಣಿಯ ಮೇಲೆ ಕೂರುತ್ತಿದ್ದ ಕಂದು ಬಣ್ಣದಲ್ಲಿ ಸೀಸದ ಸಂಯುಕ್ತಗಳ ಪಾಲು ದೊಡ್ಡದಿತ್ತು. ಈಗಿನ ಸೀಸರಹಿತ ಪೆಟ್ರೋಲ್ ಶುಭ್ರವಾಗಿ ಉರಿಯುತ್ತದೆ, ಎಥನಾಲ್ ಬೆರೆತಿದ್ದರೆ ಇನ್ನೂ ಶುಭ್ರ. ಮಿಶ್ರಣ ಸರಿಯಾಗಿರುವ ಎಂಜಿನ್ನಿನಲ್ಲೂ ಪಿಂಗಾಣಿಯ ತುದಿ ಸಾವಿರಾರು ಕಿಲೋಮೀಟರ್ ಬೆಳ್ಳಗೋ ತಿಳಿ ಬೂದಿಯಾಗಿಯೋ ಉಳಿಯಬಹುದು.

ಪಿಂಗಾಣಿಯ ತುದಿ ಮೊದಲು ಹೇಳುವುದು ತಾನು ಎಷ್ಟು ಕಾದಿದ್ದೇನೆ ಎಂಬುದನ್ನು. ಅದು ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಮೇಲೆ ಕೂತ ಮಸಿ ತಾನಾಗಿಯೇ ಉರಿದುಹೋಗುತ್ತದೆ. 850 ಡಿಗ್ರಿಯ ಆಚೆಗೆ ಹೋದರೆ ಕಿಡಿ ಹಾರುವ ಮೊದಲೇ ಆ ಬಿಸಿಗೇ ಮಿಶ್ರಣ ಹೊತ್ತಿಕೊಳ್ಳುವ ಅಪಾಯ. ಬೆಳ್ಳಗಿದೆ ಎಂದರೆ ಮಸಿ ಉರಿದುಹೋಗುವಷ್ಟು ಕಾದಿದೆ, ಅಷ್ಟೇ. ಅದಕ್ಕೆ ಲೀನ್ ಮಿಶ್ರಣವೂ ಕಾರಣವಿರಬಹುದು, ಪ್ಲಗ್ಗಿನ ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಹೆಡ್ಡಿಗೆ ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬ ಅಳತೆ), ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಹೊತ್ತು) ಅಥವಾ ಹೆದ್ದಾರಿಯಲ್ಲಿ ಒಂದೇ ಸಮ ಓಡಿಸಿದ್ದೂ ಕಾರಣವಿರಬಹುದು.

ಚಿಂತೆ ಮಾಡಬೇಕಾದ ಬಿಳುಪು ಬೇರೆಯೇ ಇರುತ್ತದೆ. ಪಿಂಗಾಣಿ ಗಾಜಿನಂತೆ ಹೊಳೆಯುತ್ತದೆ, ಮೇಲೆ ಸಣ್ಣ ಗುಳ್ಳೆಗಳೇಳುತ್ತವೆ, ನಡುವಿನ ಎಲೆಕ್ಟ್ರೋಡಿನ ಅಂಚು ಬೇಗ ಸವೆದು ದುಂಡಗಾಗುತ್ತದೆ, ಬಗ್ಗಿದ ಹೊರ ಎಲೆಕ್ಟ್ರೋಡ್ ಬುಡದವರೆಗೂ ನೀಲಿಗಟ್ಟಿರುತ್ತದೆ. ಜೊತೆಗೆ ಗಾಡಿಯ ನಡೆಯೂ ಬದಲಾಗಿರುತ್ತದೆ: ಏರಿನಲ್ಲಿ ಎಳೆತವಿಲ್ಲ, ಥ್ರಾಟಲ್ ತಿರುವಿದಾಗ ಒಂದು ಕ್ಷಣ ತಡವರಿಸುತ್ತದೆ, ಬಿಟ್ಟಾಗ ಆರ್‌ಪಿಎಂ ಇಳಿಯಲು ಹಿಂದೇಟು ಹಾಕುತ್ತದೆ. ಇವು ಯಾವುವೂ ಇಲ್ಲದೆ ಮಾಸಲು ಬಿಳುಪು ಮಾತ್ರ ಇದ್ದರೆ ಜೆಟ್ ಮುಟ್ಟಬೇಕಿಲ್ಲ. ಅನುಮಾನ ಉಳಿದರೆ ಮುಂದಿನ ಉತ್ತರದಲ್ಲಿರುವ ಪರೀಕ್ಷೆ ಮಾಡಿ.

ಪ್ರಶ್ನೆ: ‘ಪ್ಲಗ್ ಚಾಪ್’ ಎನ್ನುತ್ತಾರಲ್ಲ, ಅದನ್ನು ಮಾಡುವ ಸರಿಯಾದ ಕ್ರಮ ಹೇಳಿ. ಮನೆಗೆ ಬಂದು ಎಂಜಿನ್ ನಿಲ್ಲಿಸಿ ಪ್ಲಗ್ ಬಿಚ್ಚಿದರೆ ಸಾಲದೇ?

ಉತ್ತರ: ಸಾಲದು. ಮನೆ ಹತ್ತಿರದ ತಿರುವುಗಳಲ್ಲಿ ನಿಧಾನ ಮಾಡಿ, ಗೇಟಿನ ಮುಂದೆ ಒಂದು ನಿಮಿಷ ಐಡ್ಲಿಂಗಿನಲ್ಲಿ ನಿಲ್ಲಿಸಿ ಆಮೇಲೆ ಬಿಚ್ಚಿದರೆ ನಿಮಗೆ ಕಾಣುವುದು ಆ ಐಡ್ಲಿಂಗಿನ ಮಸಿಯೇ. ಮೇನ್ ಜೆಟ್ಟಿನ ಬಗ್ಗೆ ಅದರಿಂದ ಏನೂ ಗೊತ್ತಾಗುವುದಿಲ್ಲ. ಪ್ಲಗ್ ಚಾಪ್ ಅಂದರೆ ಯಾವ ಥ್ರಾಟಲ್ ಮಟ್ಟವನ್ನು ಪರೀಕ್ಷಿಸಬೇಕೋ ಆ ಮಟ್ಟದಲ್ಲೇ ಓಡಿಸಿ, ಅಲ್ಲೇ ಎಂಜಿನ್ ಕಡಿದು, ಮತ್ತೆ ಸ್ಟಾರ್ಟ್ ಮಾಡದೆ ಪ್ಲಗ್ ನೋಡುವುದು.

ಮೊದಲು ಸಿದ್ಧತೆ. ಕಂಪನಿ ಹೇಳಿದ ಹೀಟ್ ರೇಂಜಿನ ಹೊಸ ಪ್ಲಗ್ ಬೇಕು. ಇರಿಡಿಯಂ, ಪ್ಲಾಟಿನಂ ಬೇಡ. ಸಾಮಾನ್ಯ ನಿಕ್ಕಲ್ ಪ್ಲಗ್ಗಿನಲ್ಲಿ ಗುರುತುಗಳು ಚೆನ್ನಾಗಿ ಮೂಡುತ್ತವೆ, ಹಣವೂ ಹೆಚ್ಚು ಹೋಗುವುದಿಲ್ಲ. ಏರ್ ಫಿಲ್ಟರ್ ಸ್ವಚ್ಛವಿರಬೇಕು, ಚೋಕ್ ಪೂರ್ತಿ ತೆರೆದುಕೊಳ್ಳುತ್ತಿರಬೇಕು, ಟ್ಯಾಪೆಟ್ ಗ್ಯಾಪ್ (ವಾಲ್ವಿಗೆ ಬಿಡುವ ಸಂದು) ಮತ್ತು ಟೈಮಿಂಗ್ ಸರಿಯಿರಬೇಕು. ಇವು ಕೆಟ್ಟಿದ್ದರೆ ಪರೀಕ್ಷೆ ಮಾಡಿಯೂ ಪ್ರಯೋಜನವಿಲ್ಲ. ಥ್ರಾಟಲ್ ಹಿಡಿಕೆಯ ಮೇಲೆ ಒಂದು ತುಂಡು ಟೇಪ್ ಅಂಟಿಸಿ, ಪಕ್ಕದ ಸ್ವಿಚ್ ಕವಚದ ಮೇಲೆ ಒಂದು ಗೆರೆ ಎಳೆಯಿರಿ. ಥ್ರಾಟಲ್ ಪೂರ್ತಿ ಮುಚ್ಚಿದಾಗ, ಪೂರ್ತಿ ತೆರೆದಾಗ ಆ ಗೆರೆ ಟೇಪಿನ ಎಲ್ಲಿಗೆ ಬರುತ್ತದೆ ಎಂದು ಗುರುತು ಹಾಕಿ, ನಡುವಿನ ದೂರವನ್ನು ನಾಲ್ಕು ಭಾಗ ಮಾಡಿ. ಕಾಲು, ಅರ್ಧ, ಮುಕ್ಕಾಲು ಎಂಬುದನ್ನು ಅಂದಾಜಿನಲ್ಲಿ ಹಿಡಿಯುವವರು ಹೆಚ್ಚಾಗಿ ತಪ್ಪುತ್ತಾರೆ. ಕೈಗೆ ಅರ್ಧ ಅನ್ನಿಸುವುದು ಎಷ್ಟೋ ಸಲ ಕಾಲೇ ಇರುತ್ತದೆ.

ಹಳೆಯ ಪ್ಲಗ್ ಹಾಕಿಕೊಂಡೇ ಹತ್ತು ಹದಿನೈದು ನಿಮಿಷ ಓಡಿಸಿ ಎಂಜಿನ್ ಪೂರ್ತಿ ಬಿಸಿ ಮಾಡಿ. ಪರೀಕ್ಷೆಯ ಜಾಗ ತಲುಪಿದ ಮೇಲೆ ಹೊಸ ಪ್ಲಗ್ ಹಾಕಿ. ಹಾಕುವಾಗ ಕೈಗವಸು ಇರಲಿ, ಥ್ರೆಡ್ಡಿನ ಮೇಲೂ ನಿಗಾ ಇರಲಿ. ಫುಲ್ ಥ್ರಾಟಲ್ ಪರೀಕ್ಷೆಗೆ ಸಾರ್ವಜನಿಕ ರಸ್ತೆ ತಕ್ಕದ್ದಲ್ಲ. ಡೈನೋ (ಗಾಡಿಯನ್ನು ನಿಂತಲ್ಲೇ ಓಡಿಸಿ ಶಕ್ತಿ ಅಳೆಯುವ ಯಂತ್ರ) ಅಥವಾ ಮುಚ್ಚಿದ ಟ್ರ್ಯಾಕ್ ಸಿಕ್ಕರೆ ಒಳ್ಳೆಯದು. ಮಧ್ಯದ ಥ್ರಾಟಲ್ಲಿಗೆ ವಾಹನ ಸಂಚಾರವಿಲ್ಲದ ಉದ್ದನೆಯ ಏರು ಸಾಕು. ಏರಿನಲ್ಲಿ ಎಂಜಿನ್ನಿನ ಮೇಲೆ ಭಾರ ಬೀಳುತ್ತದೆ, ವೇಗ ಮಾತ್ರ ಕೈ ಮೀರುವುದಿಲ್ಲ. ಗುರುತಿನ ಜಾಗದಲ್ಲಿ ಥ್ರಾಟಲ್ ಹಿಡಿದು ಒಂದೆರಡು ನಿಮಿಷ ಎಳೆಸಿ. ಆಮೇಲೆ ಕ್ಲಚ್ ಹಿಡಿಯುವುದು, ಕಿಲ್ ಸ್ವಿಚ್ ಒತ್ತುವುದು ಎರಡೂ ಒಟ್ಟಿಗೇ ಆಗಬೇಕು. ಥ್ರಾಟಲ್ ಇದ್ದಲ್ಲೇ ಇರಲಿ. ಕೀಲಿಯನ್ನು ಮುಟ್ಟಬೇಡಿ. ಓಡುತ್ತಿರುವಾಗ ಕೀಲಿ ತಿರುಗಿ ಹ್ಯಾಂಡಲ್ ಲಾಕ್ ಆದರೆ ಪರೀಕ್ಷೆ ಆಸ್ಪತ್ರೆಯಲ್ಲಿ ಮುಗಿಯುತ್ತದೆ. ಕಿಲ್ ಸ್ವಿಚ್ ಇಲ್ಲದ ಗಾಡಿಯಲ್ಲಿ ಇದನ್ನು ಮಾಡಲೇಬೇಡಿ.

ಗಾಡಿ ತಾನಾಗಿ ಉರುಳಿ ನಿಂತ ಮೇಲೆ ಅವಸರವಿಲ್ಲ. ಎಂಜಿನ್ ಮತ್ತೆ ತಿರುಗದಿದ್ದರೆ ಗುರುತು ಎಲ್ಲಿಗೂ ಹೋಗುವುದಿಲ್ಲ. ಅಲ್ಯೂಮಿನಿಯಂ ಹೆಡ್ ಕೈ ತಾಗಿಸುವಷ್ಟು ಆರಿದ ಮೇಲೆ ಬಿಚ್ಚಿದರೆ ಥ್ರೆಡ್ ಉಳಿಯುತ್ತದೆ.

ಈಗ ನೋಡಬೇಕಾದ್ದು ಪಿಂಗಾಣಿಯ ತುದಿಯನ್ನಲ್ಲ, ಅದರ ಬುಡವನ್ನು. ಪಿಂಗಾಣಿ ಲೋಹದ ಕವಚದೊಳಗೆ ಇಳಿದು ಕೂರುವ ಆಳದಲ್ಲಿ ಅದರ ಸುತ್ತ ಒಂದು ಉಂಗುರ ಕಾಣುತ್ತದೆ. ಅದು ಪ್ಲಗ್ಗಿನ ತಣ್ಣನೆಯ ಭಾಗ, ಅಲ್ಲಿ ಬಿದ್ದ ಮಸಿ ಉರಿದುಹೋಗುವುದಿಲ್ಲ. ಮಿಶ್ರಣದ ಗುರುತು ಉಳಿಯುವುದೇ ಅಲ್ಲಿ. 10 ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಮತ್ತು ಸಣ್ಣ ಟಾರ್ಚ್ ಬೇಕು. ಬರಿಗಣ್ಣಿಗೆ ಅದು ಬರೀ ಕತ್ತಲು. ಬುಡದಲ್ಲಿ ತಿಳಿ ಕಂದು ಅಥವಾ ಬೂದು ಬಣ್ಣದ ತೆಳು ಉಂಗುರವಿದ್ದು ಮೇಲಿನ ಪಿಂಗಾಣಿ ಶುಭ್ರವಿದ್ದರೆ ಮಿಶ್ರಣ ಸರಿಯಿದೆ. ಉಂಗುರ ದಪ್ಪಗೆ, ಕಪ್ಪಗೆ ಇದ್ದು ಪಿಂಗಾಣಿಯ ಮೇಲ್ಭಾಗಕ್ಕೂ ಹತ್ತಿದ್ದರೆ ರಿಚ್. ಉಂಗುರವೇ ಇಲ್ಲದೆ ಬುಡದವರೆಗೂ ಬೆಳ್ಳಗಿದ್ದರೆ ಲೀನ್. ಸರಿಯಾಗಿ ಕಾಣದಿದ್ದರೆ ಪ್ಲಗ್ಗಿನ ಥ್ರೆಡ್ ಭಾಗವನ್ನು ಲೇತಿನಲ್ಲೋ ಹ್ಯಾಕ್ಸಾದಿಂದಲೋ ಸುತ್ತ ಕತ್ತರಿಸಿ ತೆಗೆದು ಪಿಂಗಾಣಿಯನ್ನು ಬಯಲು ಮಾಡುತ್ತಾರೆ. ಆ ಪ್ಲಗ್ ಮತ್ತೆ ಬಳಕೆಗೆ ಬಾರದು ನಿಜ, ಆದರೆ ಪಿಸ್ಟನ್ನಿಗಿಂತ ಪ್ಲಗ್ ಅಗ್ಗ.

ಜೆಟ್ ಬದಲಿಸಬೇಕಾಗಿ ಬಂದರೆ ಒಂದು ಸಲಕ್ಕೆ ಒಂದೇ ಅಳತೆ, ಪ್ರತಿ ಬದಲಾವಣೆಗೂ ಇನ್ನೊಂದು ಹೊಸ ಪ್ಲಗ್. ಲೀನ್ ಅನುಮಾನವಿದ್ದರೆ ದೊಡ್ಡ ಜೆಟ್ಟಿನಿಂದ ಶುರುಮಾಡಿ ಕೆಳಗಿಳಿಯಿರಿ. ರಿಚ್ ಕಡೆಯಿಂದ ಬರುವಾಗ ತಪ್ಪಿದರೆ ಪ್ಲಗ್ ಕಪ್ಪಾಗುತ್ತದೆ, ಲೀನ್ ಕಡೆಯಿಂದ ಬರುವಾಗ ತಪ್ಪಿದರೆ ಪಿಸ್ಟನ್ ಹೋಗುತ್ತದೆ. ಇನ್ನೊಂದು ವಿಷಯ: ಕಾರ್ಬುರೇಟರ್ ಕಂಪನಿಗಳಾದ ಮಿಕುನಿಯ 110 ಮತ್ತು ಕೈಹಿನ್‌ನ 110 ಒಂದೇ ಜೆಟ್ ಅಲ್ಲ. ಸಂಖ್ಯೆ ನೋಡಿ ಒಂದರ ಬದಲು ಇನ್ನೊಂದು ಹಾಕಬೇಡಿ.

ಪ್ರಶ್ನೆ: ಯಾವ ಥ್ರಾಟಲ್ಲಿಗೆ ಕಾರ್ಬುರೇಟರಿನ ಯಾವ ಭಾಗ ಕೆಲಸ ಮಾಡುತ್ತದೆ? ನನ್ನ ಗಾಡಿ ಐಡ್ಲಿಂಗಿನಲ್ಲಿ ಸರಿ, ಅರ್ಧ ಥ್ರಾಟಲ್ಲಿನಲ್ಲಿ ಮಾತ್ರ ಗುಕ್ಕು ಗುಕ್ಕಾಗಿ ಓಡುತ್ತದೆ.

ಉತ್ತರ: ಕೇಬಲ್ ನೇರವಾಗಿ ಸ್ಲೈಡನ್ನು ಮೇಲೆತ್ತಿ ಗಾಳಿಯ ದಾರಿ ತೆರೆಯುವ ಸ್ಲೈಡ್ ಕಾರ್ಬುರೇಟರಿನಲ್ಲಿ ಮುಚ್ಚಿದ ಸ್ಥಿತಿಯಿಂದ ಎಂಟನೇ ಒಂದು ಭಾಗದವರೆಗೆ ಪೈಲಟ್ ಜೆಟ್ (ಐಡ್ಲಿಂಗಿನ ಸಣ್ಣ ಜೆಟ್) ಮತ್ತು ಮಿಕ್ಸ್ಚರ್ ಸ್ಕ್ರೂ, ಅಲ್ಲಿಂದ ಕಾಲಿನವರೆಗೆ ಸ್ಲೈಡಿನ ತಳದ ಓರೆ ಕಡಿತ, ಕಾಲಿನಿಂದ ಮುಕ್ಕಾಲಿನವರೆಗೆ ನೀಡಲ್ (ಸ್ಲೈಡಿಗೆ ಸಿಕ್ಕಿಸಿದ ಚೂಪು ಕಡ್ಡಿ), ಆಮೇಲೆ ಮೇನ್ ಜೆಟ್. ಗಡಿಗಳು ಗೆರೆ ಎಳೆದಂತಿಲ್ಲ, ಒಂದರ ಕೆಲಸ ಇನ್ನೊಂದರೊಳಗೆ ಚಾಚಿರುತ್ತದೆ. ಈಗ ಹೆಚ್ಚು ಕಾಣುವ ಸಿವಿ ಕಾರ್ಬುರೇಟರಿನಲ್ಲಿ ಸ್ಲೈಡನ್ನು ಎತ್ತುವುದು ಎಂಜಿನ್ ಗಾಳಿ ಎಳೆಯುವ ಬಲ, ಕೇಬಲ್ ಅಲ್ಲ. ಕಡಿಮೆ ಆರ್‌ಪಿಎಂನಲ್ಲಿ ಅರ್ಧ ಥ್ರಾಟಲ್ ಕೊಟ್ಟರೂ ಸ್ಲೈಡ್ ಅರ್ಧ ಏರಿರುವುದಿಲ್ಲ.

ನಿಮ್ಮ ತೊಂದರೆ ನೀಡಲ್ಲಿನದು. ಅರ್ಧ ಥ್ರಾಟಲ್ಲಿನಲ್ಲೇ ಪ್ಲಗ್ ಚಾಪ್ ಮಾಡಿ. ಕಪ್ಪಗಿದ್ದರೆ ನೀಡಲ್ಲಿನ ಕ್ಲಿಪ್ಪನ್ನು ಒಂದು ಕಚ್ಚು ಮೇಲಕ್ಕೆ ಹಾಕಿ. ಕ್ಲಿಪ್ ಮೇಲೆ ಹೋದರೆ ನೀಡಲ್ ಕೆಳಗಿಳಿದು ಮಿಶ್ರಣ ಲೀನ್ ಆಗುತ್ತದೆ. ಅನೇಕರು ಇದನ್ನೇ ತಲೆಕೆಳಗು ಮಾಡಿಕೊಳ್ಳುತ್ತಾರೆ. ಕ್ಲಿಪ್ ಬದಲಿಸಿದರೂ ಮಸಿ ಹೋಗದಿದ್ದರೆ ನೀಡಲ್ ಚಲಿಸುವ ನೀಡಲ್ ಜೆಟ್ ನೋಡಿ. ವರ್ಷಗಟ್ಟಲೆ ಉಜ್ಜಿ ಅದರ ದುಂಡು ತೂತು ಮೊಟ್ಟೆಯಾಕಾರಕ್ಕೆ ಸವೆದಿದ್ದರೆ ಯಾವ ಕ್ಲಿಪ್ಪಿಗೂ ಅದು ಬಗ್ಗುವುದಿಲ್ಲ; ನೀಡಲ್ ಮತ್ತು ಜೆಟ್ ಎರಡನ್ನೂ ಜೋಡಿಯಾಗಿ ಬದಲಿಸಬೇಕು.

ಮಿಕ್ಸ್ಚರ್ ಸ್ಕ್ರೂ ಮುಟ್ಟುವವರಿಗೂ ಒಂದು ಮಾತು. ಸ್ಕ್ರೂ ಸ್ಲೈಡಿಗಿಂತ ಏರ್ ಫಿಲ್ಟರ್ ಕಡೆ ಇದ್ದರೆ ಅದು ಗಾಳಿಯದು, ಹೊರಗೆ ತಿರುಗಿಸಿದರೆ ಲೀನ್. ಎಂಜಿನ್ ಕಡೆ ಇದ್ದರೆ ಪೆಟ್ರೋಲಿನದು, ಹೊರಗೆ ತಿರುಗಿಸಿದರೆ ರಿಚ್. ಒಳಗೆ ಕೂರಿಸುವಾಗ ಬಿಗಿಯಬಾರದು, ಚೂಪು ತುದಿ ಮುರಿದು ತೂತಿನಲ್ಲೇ ಉಳಿಯುತ್ತದೆ.

ಪ್ರಶ್ನೆ: ಪ್ಲಗ್ ಕಪ್ಪಗಾದರೆ ಕೆಲವರು ರಿಚ್ ಎನ್ನುತ್ತಾರೆ, ಕೆಲವರು ಪಿಸ್ಟನ್ ರಿಂಗ್ ಹೋಗಿದೆ ಎನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ: ನಿಮ್ಮ ಹೆಬ್ಬೆರಳನ್ನು ನಂಬಿ. ಪ್ಲಗ್ಗಿನ ಮೂತಿಯನ್ನು ಒಮ್ಮೆ ಒರೆಸಿ ನೋಡಿ. ಒಣಗಿದ, ಹೊಳಪಿಲ್ಲದ, ಸುಲಭವಾಗಿ ಬೆರಳಿಗೆ ಬರುವ ಪುಡಿ ಮಸಿಯಾದರೆ ಅದು ಪೂರ್ತಿ ಉರಿಯದ ಪೆಟ್ರೋಲಿನದು. ಹೊಳೆಯುವ, ಜಿಡ್ಡಾದ, ಒರೆಸಿದರೆ ಬಳಿದುಕೊಳ್ಳುವ ಕಪ್ಪಾದರೆ ಎಂಜಿನ್ ಆಯಿಲ್. ಒದ್ದೆಯಾಗಿದ್ದು ಪೆಟ್ರೋಲ್ ವಾಸನೆ ಬಂದು, ಗಾಳಿಗೆ ಹಿಡಿದರೆ ಕೆಲವು ನಿಮಿಷದಲ್ಲಿ ಆರಿಹೋದರೆ ಕಿಡಿಯೇ ಹಾರಿಲ್ಲ ಅಥವಾ ಪೆಟ್ರೋಲ್ ತುಂಬಿಕೊಂಡಿದೆ.

ಒಣ ಮಸಿ ಕಂಡ ತಕ್ಷಣ ಕಾರ್ಬುರೇಟರ್ ಬಿಚ್ಚಬೇಡಿ. ದಿನಾ ಎರಡು ಮೂರು ಕಿಲೋಮೀಟರ್ ಮಾತ್ರ ಓಡುವ ಗಾಡಿಯ ಪ್ಲಗ್ 450 ಡಿಗ್ರಿ ಮುಟ್ಟುವುದೇ ಅಪರೂಪ, ಹಾಗಾಗಿ ಮಿಶ್ರಣ ಸರಿಯಿದ್ದರೂ ಮಸಿ ಉಳಿಯುತ್ತದೆ. ಇಪ್ಪತ್ತು ನಿಮಿಷ ಬಿಡದೆ ಭಾರದ ಮೇಲೆ ಓಡಿಸಿ ಮತ್ತೆ ನೋಡಿ. ಪಿಂಗಾಣಿ ತಿಳಿಯಾದರೆ ತಪ್ಪು ಓಡಾಟದ್ದು, ಮಿಶ್ರಣದ್ದಲ್ಲ. ಹಾಗೇ ಉಳಿದರೆ ಏರ್ ಫಿಲ್ಟರ್, ಪೂರ್ತಿ ಹಿಂದಕ್ಕೆ ಬಾರದ ಚೋಕ್ ಕೇಬಲ್, ಕಸ ಸಿಕ್ಕಿ ಸರಿಯಾಗಿ ಕೂರದ ಫ್ಲೋಟ್ ನೀಡಲ್ (ಕಾರ್ಬುರೇಟರಿಗೆ ಬರುವ ಪೆಟ್ರೋಲನ್ನು ತಡೆಯುವ ಸೂಜಿ), ಮೇಲಿರುವ ಫ್ಲೋಟ್ ಮಟ್ಟ, ಇಷ್ಟನ್ನು ಇದೇ ಕ್ರಮದಲ್ಲಿ ನೋಡಿ. ವ್ಯಾಕ್ಯೂಮಿನಿಂದ ತೆರೆಯುವ ಪೆಟ್ರೋಲ್ ಟ್ಯಾಪ್ ಇದ್ದರೆ ಅದರ ಸಣ್ಣ ವ್ಯಾಕ್ಯೂಮ್ ಪೈಪನ್ನು ಬಿಚ್ಚಿ. ಅದರಲ್ಲಿ ಪೆಟ್ರೋಲ್ ಹನಿ ಕಂಡರೆ ಟ್ಯಾಪಿನ ಡಯಾಫ್ರಮ್ ಹರಿದಿದೆ. ಪೆಟ್ರೋಲ್ ಕಾರ್ಬುರೇಟರನ್ನು ಹಾಯದೆ ನೇರ ಎಂಜಿನ್ನಿಗೆ ಹೋಗುತ್ತಿರುತ್ತದೆ, ಯಾವ ಜೆಟ್ ಬದಲಿಸಿದರೂ ಅದು ನಿಲ್ಲುವುದಿಲ್ಲ. ಕಿಡಿ ದುರ್ಬಲವಿದ್ದರೂ ಮಸಿ ಕಟ್ಟುತ್ತದೆ: ಹಳೆಯ ಪ್ಲಗ್ ಕ್ಯಾಪ್, ಒಡೆದ ವೈರ್, ಸವೆದು ಅಗಲವಾದ ಗ್ಯಾಪ್.

ಆಯಿಲ್ಲಿನ ಕಪ್ಪಾದರೆ ಹೊಗೆ ಯಾವಾಗ ಬರುತ್ತದೆ ನೋಡಿ. ರಾತ್ರಿ ನಿಲ್ಲಿಸಿ ಬೆಳಗ್ಗೆ ಸ್ಟಾರ್ಟ್ ಮಾಡಿದಾಗ, ಇಳಿಜಾರಿನಲ್ಲಿ ಥ್ರಾಟಲ್ ಬಿಟ್ಟು ಬಂದು ಮತ್ತೆ ಕೊಟ್ಟಾಗ ನೀಲಿ ಹೊಗೆ ಬಂದರೆ ವಾಲ್ವ್ ಸೀಲ್ ಅಥವಾ ಗೈಡ್. ಭಾರ ಎಳೆಯುವಾಗ ಒಂದೇ ಸಮ ಬಂದರೆ ರಿಂಗ್. ಖಚಿತ ಮಾಡಿಕೊಳ್ಳಲು ಕಂಪ್ರೆಷನ್ ಅಳೆಯಿರಿ, ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಅಳತೆ ಚೆನ್ನಾಗಿ ಏರಿದರೆ ರಿಂಗ್ ಅಥವಾ ಬೋರ್ ಸವೆದಿದೆ. ಏರದಿದ್ದರೆ ವಾಲ್ವ್ ಕಡೆ ಹೋಗಿ. ಇಷ್ಟೆಲ್ಲ ಮಾಡುವ ಮೊದಲು ಡಿಪ್‌ಸ್ಟಿಕ್ ನೋಡಿದ್ದೀರಿ ತಾನೆ? ಆಯಿಲ್ ಮೇಲಿನ ಗುರುತು ದಾಟಿ ತುಂಬಿದ್ದರೆ ಬ್ರೀದರ್ ಪೈಪಿನಿಂದ ಏರ್ ಬಾಕ್ಸಿಗೆ ಬಂದು ಅಲ್ಲಿಂದ ಎಂಜಿನ್ನಿಗೆ ಹೋಗುತ್ತದೆ.

ಪ್ರಶ್ನೆ: ಪ್ಲಗ್ ಪದೇ ಪದೇ ಕಪ್ಪಾಗುತ್ತದೆ ಎಂದು ಮೆಕ್ಯಾನಿಕ್ ‘ಹಾಟ್’ ಪ್ಲಗ್ ಹಾಕಿದರು. ಈಗ ಬೆಳ್ಳಗಿದೆ. ಮಿಶ್ರಣ ಸರಿಹೋಯಿತೇ?

ಉತ್ತರ: ಇಲ್ಲ. ರಿಚ್ ಮಿಶ್ರಣ ಮೊದಲಿನಂತೆಯೇ ಇದೆ, ಸಾಕ್ಷಿ ಮಾತ್ರ ಅಳಿಸಿಹೋಗಿದೆ. ಹಾಟ್ ಪ್ಲಗ್ಗಿನಲ್ಲಿ ಪಿಂಗಾಣಿಯ ಮೂತಿ ಉದ್ದ, ಬಿಸಿ ಹೆಡ್ಡಿಗೆ ಹರಿದುಹೋಗಲು ಹೆಚ್ಚು ದೂರ ಸಾಗಬೇಕು. ಒಂದು ಹೀಟ್ ರೇಂಜ್ ಬದಲಾದರೆ ಮೂತಿಯ ಬಿಸಿ ಸುಮಾರು 70ರಿಂದ 100 ಡಿಗ್ರಿ ಬದಲಾಗುತ್ತದೆ. ಅಷ್ಟರಲ್ಲಿ ಮಸಿ ಉರಿದುಹೋಗುತ್ತದೆ, ಆದರೆ ಮುಂದೆ ಉದ್ದನೆಯ ಏರಿನಲ್ಲಿ ಅದೇ ಪ್ಲಗ್ ಅತಿಯಾಗಿ ಕಾಯುತ್ತದೆ. ಕಂಪನಿ ಸೂಚಿಸಿದ ಪ್ಲಗ್ಗನ್ನೇ ವಾಪಸ್ ಹಾಕಿಸಿ, ಮಸಿಯ ಕಾರಣ ಹುಡುಕಿ. ಪ್ಲಗ್ ಕೊಳ್ಳುವಾಗ ಎಚ್ಚರ: ಎನ್‌ಜಿಕೆಯಲ್ಲಿ ಅಂಕಿ ದೊಡ್ಡದಾದಷ್ಟೂ ಕೋಲ್ಡ್, ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ದೊಡ್ಡದಾದಷ್ಟೂ ಹಾಟ್.

ಹೀಟ್ ರೇಂಜ್ ಮತ್ತು ಟೈಮಿಂಗ್ ಹೇಗಿದೆ ಎಂಬುದಕ್ಕೆ ಪಿಂಗಾಣಿಯನ್ನು ಬಿಟ್ಟು ಬಗ್ಗಿದ ಹೊರ ಎಲೆಕ್ಟ್ರೋಡ್ ನೋಡಿ. ಭಾರದಲ್ಲಿ ಓಡಿದ ಹೊಸ ಪ್ಲಗ್ಗಿನಲ್ಲಿ ಅದರ ಮೇಲೆ ಬಣ್ಣ ಬದಲಾಗುವ ಒಂದು ಗೆರೆ ಇರುತ್ತದೆ. ಗೆರೆ ಬಗ್ಗಿದ ಜಾಗದ ಹತ್ತಿರ, ಹೆಚ್ಚುಕಡಿಮೆ ನಡುವೆ ಇದ್ದರೆ ಸರಿ. ತುದಿಯ ಹತ್ತಿರವೇ ನಿಂತಿದ್ದರೆ ಬಿಸಿ ಸಾಲುತ್ತಿಲ್ಲ, ಅಂದರೆ ಟೈಮಿಂಗ್ ಹಿಂದಿದೆ ಅಥವಾ ಪ್ಲಗ್ ತೀರಾ ಕೋಲ್ಡ್. ಬೆಸುಗೆಯ ಬುಡಕ್ಕೆ ಇಳಿದಿದ್ದರೆ ಟೈಮಿಂಗ್ ಮುಂದಿದೆ ಅಥವಾ ಪ್ಲಗ್ ತೀರಾ ಹಾಟ್. ಈ ಗೆರೆ ಸರಿಯಿಲ್ಲದೆ ಮಿಶ್ರಣದ ಬಗ್ಗೆ ತೀರ್ಪು ಕೊಡುವುದು ತರವಲ್ಲ.

ಪ್ರಶ್ನೆ: ನಾಲ್ಕು ಸಿಲಿಂಡರಿನ ಫ್ಯುಯಲ್ ಇಂಜೆಕ್ಷನ್ ಕಾರು. ಮೂರು ಪ್ಲಗ್ ಬೆಳ್ಳಗಿವೆ, ಒಂದು ಮಾತ್ರ ಮಸಿಗಪ್ಪು. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮಿಶ್ರಣವನ್ನು ತಾನೇ ಸರಿಮಾಡುವುದಿಲ್ಲವೇ?

ಉತ್ತರ: ಸರಿಮಾಡುತ್ತದೆ, ಆದರೆ ನಾಲ್ಕನ್ನೂ ಸೇರಿಸಿ. ಒಂದು ಇಂಜೆಕ್ಟರ್ ಸೋರುತ್ತಿದೆ ಎಂದುಕೊಳ್ಳಿ. ಎಗ್ಸಾಸ್ಟಿನಲ್ಲಿರುವ ಆಕ್ಸಿಜನ್ ಸೆನ್ಸರಿಗೆ ನಾಲ್ಕರ ಹೊಗೆಯೂ ಬೆರೆತು ಬರುತ್ತದೆ. ಒಟ್ಟಾರೆ ರಿಚ್ ಎಂದು ಅದು ಹೇಳುತ್ತದೆ, ಇಸಿಯು ನಾಲ್ಕಕ್ಕೂ ಪೆಟ್ರೋಲ್ ಕಡಿಮೆ ಮಾಡುತ್ತದೆ. ಸೋರುವ ಸಿಲಿಂಡರ್ ರಿಚ್ ಆಗಿಯೇ ಉಳಿಯುತ್ತದೆ, ಒಳ್ಳೆಯ ಮೂರು ಲೀನ್ ಆಗುತ್ತವೆ. ನಿಮ್ಮ ಪ್ಲಗ್ಗುಗಳ ಚಿತ್ರ ಇದಕ್ಕೆ ಹೊಂದುತ್ತದೆ. ಇಂಜೆಕ್ಷನ್ ಕಾರಿನಲ್ಲಿ ಪ್ಲಗ್ ಮಿಶ್ರಣದ ಅಳತೆಗೋಲಲ್ಲ, ಸಿಲಿಂಡರುಗಳನ್ನು ಒಂದಕ್ಕೊಂದು ಹೋಲಿಸಲು ಮಾತ್ರ ಅದು ಅತ್ಯುತ್ತಮ. ಬಿಚ್ಚುವಾಗ ಒಂದು ರಟ್ಟಿನಲ್ಲಿ ನಾಲ್ಕು ತೂತು ಮಾಡಿ, ಸಿಲಿಂಡರ್ ಸಂಖ್ಯೆ ಬರೆದು ಅದರಲ್ಲೇ ಸಿಕ್ಕಿಸಿ. ಬೆಂಚಿನ ಮೇಲೆ ಬೆರೆತುಹೋದ ಪ್ಲಗ್ಗುಗಳಿಂದ ಏನೂ ತಿಳಿಯುವುದಿಲ್ಲ.

ಇಂಜೆಕ್ಟರೇ ಎಂದು ತೀರ್ಮಾನಿಸುವ ಮೊದಲು ಅದಲುಬದಲು ಮಾಡಿ ನೋಡಿ. ಆ ಸಿಲಿಂಡರಿನ ಕಾಯಿಲನ್ನು (ಕಿಡಿಗೆ ವಿದ್ಯುತ್ ಕೊಡುವ ಭಾಗ) ಪಕ್ಕದ್ದಕ್ಕೆ ಹಾಕಿ, ಹೊಸ ಪ್ಲಗ್ಗುಗಳೊಂದಿಗೆ ಕೆಲವು ದಿನ ಓಡಿಸಿ. ಮಸಿ ಕಾಯಿಲ್ಲಿನ ಹಿಂದೆ ಹೋದರೆ ಕಿಡಿಯ ದೋಷ. ಹೋಗದಿದ್ದರೆ ಇಂಜೆಕ್ಟರ್ ಅದಲುಬದಲು ಮಾಡಿ. ಅದಕ್ಕೂ ಜಗ್ಗದಿದ್ದರೆ ಕಂಪ್ರೆಷನ್.

ಸ್ಕ್ಯಾನರಿನಲ್ಲಿ ಫ್ಯುಯಲ್ ಟ್ರಿಮ್ (ಇಸಿಯು ಪೆಟ್ರೋಲನ್ನು ಶೇಕಡಾ ಎಷ್ಟು ಹೆಚ್ಚು-ಕಡಿಮೆ ಮಾಡುತ್ತಿದೆ ಎಂಬ ಲೆಕ್ಕ; ಹೆಚ್ಚಿಸಿದರೆ ಪ್ಲಸ್) ನೋಡುವುದು ಕಲಿತರೆ ಅರ್ಧ ಕೆಲಸ ಉಳಿಯುತ್ತದೆ. ಲಾಂಗ್ ಟರ್ಮ್ ಟ್ರಿಮ್ ಶೇ 10ರ ಒಳಗೆ ಆಚೀಚೆ ಇದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ. ಐಡ್ಲಿಂಗಿನಲ್ಲಿ ದೊಡ್ಡ ಪ್ಲಸ್ ಇದ್ದು 2500 ಆರ್‌ಪಿಎಂನಲ್ಲಿ ಇಳಿದರೆ ಎಲ್ಲೋ ಗಾಳಿ ಸೋರಿ ಒಳಬರುತ್ತಿದೆ. ಭಾರ ಬಿದ್ದಷ್ಟೂ ಪ್ಲಸ್ ಏರಿದರೆ ಪಂಪ್ ಅಥವಾ ಫಿಲ್ಟರ್ ಪೆಟ್ರೋಲ್ ಪೂರೈಸುತ್ತಿಲ್ಲ. ಒಂದು ಬಲೆ ಇದೆ: ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೆ ಉರಿಯದ ಆಕ್ಸಿಜನ್ ಎಗ್ಸಾಸ್ಟಿಗೆ ಹೋಗುತ್ತದೆ. ಸೆನ್ಸರ್ ಅದನ್ನು ಲೀನ್ ಎಂದು ಓದಿ ಇನ್ನಷ್ಟು ಪೆಟ್ರೋಲ್ ಸುರಿಸುತ್ತದೆ. ಸ್ಕ್ಯಾನರ್ ಲೀನ್ ಎನ್ನುವಾಗ ಪ್ಲಗ್ ಕಪ್ಪಗಿದ್ದರೆ ಮೊದಲು ಕಿಡಿಯನ್ನು ಅನುಮಾನಿಸಿ. ಅಂದಹಾಗೆ, ಕ್ಯಾಟಲಿಟಿಕ್ ಕನ್ವರ್ಟರ್ ಇರುವ ಕಾರಿನಲ್ಲಿ ಓಡುವಾಗ ಇಗ್ನಿಷನ್ ಕಡಿದು ಪ್ಲಗ್ ಚಾಪ್ ಮಾಡಬೇಡಿ. ಉರಿಯದ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿಯುತ್ತದೆ, ಬ್ರೇಕಿನ ಸರ್ವೋ ಮತ್ತು ಪವರ್ ಸ್ಟೀರಿಂಗ್ ಕೂಡ ಹೋಗುತ್ತವೆ.

ಪ್ರಶ್ನೆ: ನಾಲ್ಕರಲ್ಲಿ ಒಂದು ಪ್ಲಗ್ ಮಾತ್ರ ತೊಳೆದಿಟ್ಟಷ್ಟು ಶುಭ್ರವಾಗಿದೆ. ಅದು ಒಳ್ಳೆಯ ಲಕ್ಷಣವೇ?

ಉತ್ತರ: ಅಲ್ಲ. ಕೂಲಂಟ್ ಮಟ್ಟ ನೋಡಿ. ಹೆಡ್ ಗ್ಯಾಸ್ಕೆಟ್ ಸೋರಿ ನೀರು ಆ ಸಿಲಿಂಡರಿಗೆ ಹೋಗುತ್ತಿದ್ದರೆ ಆವಿ ಅದನ್ನು ತೊಳೆಯುತ್ತಿರುತ್ತದೆ.

ಪ್ರಶ್ನೆ: ಭೂತಗನ್ನಡಿಯಲ್ಲಿ ನೋಡಿದಾಗ ಪಿಂಗಾಣಿಯ ಮೇಲೆ ಚಿಕ್ಕ ಚಿಕ್ಕ ಕಪ್ಪು ಚುಕ್ಕೆ, ನಡುವೆ ಬೆಳ್ಳಿಯಂತೆ ಮಿನುಗುವ ಕಣಗಳು ಕಾಣುತ್ತಿವೆ. ಏನಿದು?

ಉತ್ತರ: ಗಾಡಿ ನಿಲ್ಲಿಸಿ, ಕಾರಣ ಸಿಗುವವರೆಗೆ ಜೋರಾಗಿ ಓಡಿಸಬೇಡಿ. ಮಿನುಗುವ ಕಣ ಅಲ್ಯೂಮಿನಿಯಂ, ಬಂದಿದ್ದು ಪಿಸ್ಟನ್ನಿನ ತಲೆಯಿಂದ. ಡೆಟೊನೇಷನ್ ಆಗುತ್ತಿದೆ, ಅಂದರೆ ಕಿಡಿಯಿಂದ ಹೊತ್ತಿದ ಉರಿ ತಲುಪುವ ಮೊದಲೇ ಮೂಲೆಯಲ್ಲಿ ಉಳಿದ ಮಿಶ್ರಣ ಒಮ್ಮೆಗೇ ಸಿಡಿಯುತ್ತಿದೆ. ಕಿವಿಗೆ ಟಿಣ್ ಟಿಣ್ ಎಂದು ಕೇಳುವ ಮೊದಲೇ ಪ್ಲಗ್ಗಿನಲ್ಲಿ ಇದು ಕಾಣಬಹುದು. ಟೈಮಿಂಗ್ ಮುಂದಿರುವುದು, ಆಕ್ಟೇನ್ ಸಾಲದ ಪೆಟ್ರೋಲ್, ಲೀನ್ ಮಿಶ್ರಣ, ಕಾರ್ಬನ್ ಕಟ್ಟಿ ಏರಿದ ಕಂಪ್ರೆಷನ್, ಕೆಟ್ಟ ಕೂಲಿಂಗ್ ಇವುಗಳಲ್ಲಿ ಯಾವುದೂ ಕಾರಣವಿರಬಹುದು. ಟೈಮಿಂಗ್ ಮೊದಲು ಪರೀಕ್ಷಿಸಿ, ಜೆಟ್ ಆಮೇಲೆ.

ಪ್ರಶ್ನೆ: ಟೂ-ಸ್ಟ್ರೋಕ್ ಎಂಜಿನ್ನಿಗೂ ಇದೇ ಕ್ರಮವೇ? ಲೀನ್ ಆಗದಿರಲಿ ಎಂದು ಪೆಟ್ರೋಲಿಗೆ ಆಯಿಲ್ ಸ್ವಲ್ಪ ಹೆಚ್ಚು ಬೆರೆಸುತ್ತಿದ್ದೇನೆ.

ಉತ್ತರ: ಕ್ರಮ ಅದೇ, ಆದರೆ ಇಲ್ಲಿ ಪ್ಲಗ್ಗಿನ ಮೇಲೆ ಆಯಿಲ್ಲಿನ ತೇವ ಯಾವಾಗಲೂ ಸ್ವಲ್ಪ ಇರುತ್ತದೆ. ಹೊಸ ಪ್ಲಗ್ ಮತ್ತು ಬುಡದ ಉಂಗುರ ಇನ್ನೂ ಮುಖ್ಯ.

ಆಯಿಲ್ ಹೆಚ್ಚಿಸಿದರೆ ಮಿಶ್ರಣ ರಿಚ್ ಆಗುವುದಿಲ್ಲ, ತುಸು ಲೀನೇ ಆಗುತ್ತದೆ. 50ಕ್ಕೆ 1ರ ಲೆಕ್ಕದಲ್ಲಿ ಒಂದು ಲೀಟರ್ ಪೆಟ್ರೋಲಿಗೆ 20 ಮಿ.ಲೀ. ಆಯಿಲ್, 32ಕ್ಕೆ 1ರಲ್ಲಿ ಸುಮಾರು 31 ಮಿ.ಲೀ. ಜೆಟ್ಟಿನ ತೂತು ಅಷ್ಟೇ ಇರುವಾಗ ಆಯಿಲ್ ಹೆಚ್ಚು ಹೋದರೆ ಪೆಟ್ರೋಲ್ ಅಷ್ಟು ಕಡಿಮೆ ಹೋಗುತ್ತದೆ. ವ್ಯತ್ಯಾಸ ಶೇ 1ರ ಆಸುಪಾಸು, ಅಷ್ಟರಿಂದ ಅನಾಹುತವಾಗದು. ಆದರೆ ಪ್ಲಗ್ ಕಪ್ಪಾಗಿ ಕಂಡು ‘ರಿಚ್ ಇದೆ’ ಎಂದು ನೀವು ಜೆಟ್ ಸಣ್ಣದು ಮಾಡಿದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ. ಗಾಡಿಯ ಕಂಪನಿ ಹೇಳಿದಷ್ಟೇ ಆಯಿಲ್ ಹಾಕಿ.

ಜೆಟ್ ಸರಿಯಿದ್ದೂ ಲೀನ್ ಲಕ್ಷಣ ಕಂಡರೆ ಕ್ರ್ಯಾಂಕ್ ಆಯಿಲ್ ಸೀಲ್ ನೋಡಿ. ಮ್ಯಾಗ್ನೆಟ್ ಕಡೆಯ ಸೀಲ್ ಹೋದರೆ ಎಂಜಿನ್ ಅಲ್ಲಿಂದ ಗಾಳಿ ಎಳೆದು ಲೀನ್ ಆಗುತ್ತದೆ. ಕ್ಲಚ್ ಕಡೆಯದು ಹೋದರೆ ಗೇರ್ ಆಯಿಲ್ ಎಳೆದುಕೊಂಡು ಹೊಗೆ ಕಾರುತ್ತದೆ, ಗೇರ್ ಆಯಿಲ್ ಮಟ್ಟ ಇಳಿಯುತ್ತದೆ. ಪ್ಲಗ್ ತೂತಿನಿಂದ ಟಾರ್ಚ್ ಬಿಟ್ಟು ಪಿಸ್ಟನ್ನಿನ ತಲೆಯನ್ನೂ ನೋಡಿ. ಟ್ರಾನ್ಸ್‌ಫರ್ ಪೋರ್ಟುಗಳ (ಮಿಶ್ರಣ ಸಿಲಿಂಡರಿಗೆ ಬರುವ ತೂತುಗಳ) ಎದುರು ಪೆಟ್ರೋಲ್ ತೊಳೆದ ಸ್ವಚ್ಛ ಜಾಗಗಳಿರುತ್ತವೆ. ಅವು ತೀರಾ ದೊಡ್ಡದಾಗಿದ್ದರೆ ರಿಚ್. ಇಲ್ಲವೇ ಇಲ್ಲದೆ ತಲೆ ಪೂರ್ತಿ ಒಣ ಕಾರ್ಬನ್ನಿನಿಂದ ಮುಚ್ಚಿದ್ದರೆ ಲೀನ್.

ಪ್ರಶ್ನೆ: ಶೇ 20 ಎಥನಾಲ್ ಬೆರೆತ ಪೆಟ್ರೋಲ್ ಹಾಕಿದ ಮೇಲೆ ಹಳೆಯ ಕಾರ್ಬುರೇಟರ್ ಬೈಕಿಗೆ ಜೆಟ್ ಬದಲಿಸಬೇಕೇ?

ಉತ್ತರ: ಬರೀ ಪೆಟ್ರೋಲ್ ಪೂರ್ತಿ ಉರಿಯಲು ತೂಕದ ಲೆಕ್ಕದಲ್ಲಿ 1 ಪಾಲಿಗೆ 14.7 ಪಾಲು ಗಾಳಿ ಬೇಕು. ಶೇ 10 ಎಥನಾಲ್ ಇದ್ದರೆ ಸುಮಾರು 14.1, ಶೇ 20 ಇದ್ದರೆ ಸುಮಾರು 13.5. ಜೆಟ್ ಅದೇ ಇದ್ದರೆ ಮಿಶ್ರಣ ಲೀನ್ ಕಡೆ ಸರಿಯುತ್ತದೆ. ಮೊದಲೇ ಸ್ವಲ್ಪ ರಿಚ್ ಇದ್ದ ಗಾಡಿಗೆ ಏನೂ ಆಗದು, ಅಂಚಿನಲ್ಲಿದ್ದ ಗಾಡಿ ಥ್ರಾಟಲ್ ಕೊಟ್ಟಾಗ ತಡವರಿಸುತ್ತದೆ. ಪಿಂಗಾಣಿ ಹೇಗೂ ಬೆಳ್ಳಗಿರುವುದರಿಂದ ಇಲ್ಲಿ ಬಣ್ಣಕ್ಕಿಂತ ಗಾಡಿಯ ನಡೆ ಮುಖ್ಯ. ತಡವರಿಕೆ ಇದ್ದರೆ ಮಿಕ್ಸ್ಚರ್ ಸ್ಕ್ರೂ ಮತ್ತು ನೀಡಲ್ ಕ್ಲಿಪ್ಪಿನಿಂದ ಶುರುಮಾಡಿ, ಮೇನ್ ಜೆಟ್ ಕೊನೆಗೆ. ಹಳೆಯ ರಬ್ಬರ್ ಪೈಪು, ಓ-ರಿಂಗುಗಳನ್ನೂ ನೋಡಿ, ಎಥನಾಲಿಗೆ ಅವು ಉಬ್ಬಿ ಹಾಳಾಗುವುದುಂಟು.

ಪ್ರಶ್ನೆ: ಸಿಎನ್‌ಜಿ ಕಾರಿನ ಪ್ಲಗ್ ನೋಡಿ ಮಿಶ್ರಣ ಹೇಳಬಹುದೇ? ಪೆಟ್ರೋಲ್ ಕಾರಿನ ಪ್ಲಗ್ ಇಟ್ಟಿಗೆ ಕೆಂಪಾಗಿದ್ದರೆ?

ಉತ್ತರ: ಗ್ಯಾಸಿನಲ್ಲಿ ಬಣ್ಣ ಮೂಡುವುದೇ ಕಡಿಮೆ, ಹಾಗಾಗಿ ಆಗದು. ಅಲ್ಲಿ ಗ್ಯಾಪ್ ಮತ್ತು ಎಲೆಕ್ಟ್ರೋಡಿನ ಸವೆತ ಮಾತ್ರ ನೋಡಿ. ಪೆಟ್ರೋಲಿನಲ್ಲಿ ಕಾಣುವ ಇಟ್ಟಿಗೆ ಕೆಂಪು ಸಾಮಾನ್ಯವಾಗಿ ಆಕ್ಟೇನ್ ಹೆಚ್ಚಿಸಲು ಬೆರೆಸುವ ಕಬ್ಬಿಣ ಅಥವಾ ಮ್ಯಾಂಗನೀಸಿನ ಸಂಯುಕ್ತದ್ದು. ಅದು ರಿಚ್-ಲೀನ್ ಲೆಕ್ಕಕ್ಕೆ ಬರುವುದಿಲ್ಲ. ಪದರ ದಪ್ಪವಾದರೆ ಕಿಡಿ ಅದರ ಮೇಲೆಯೇ ಹರಿದು ಮಿಸ್ ಹೊಡೆಯುತ್ತದೆ, ಪ್ಲಗ್ ಬದಲಿಸಿ, ಬಂಕ್ ಅಥವಾ ಅಡಿಟಿವ್ ಬದಲಿಸಿ.

ಪ್ರಶ್ನೆ: ಪದೇ ಪದೇ ಪ್ಲಗ್ ಬಿಚ್ಚಿ ಹಾಕಿದರೆ ಹೆಡ್ಡಿನ ಥ್ರೆಡ್ ಹಾಳಾಗುವುದಿಲ್ಲವೇ? ಎಷ್ಟು ಬಿಗಿಯಬೇಕು?

ಉತ್ತರ: ಅವಸರ ಮಾಡಿದರೆ ಹಾಳಾಗುತ್ತದೆ. ಕಾಲು ಸುತ್ತು ಸಡಿಲಿಸಿ, ಸುತ್ತಲಿನ ದೂಳನ್ನು ಗಾಳಿಯಿಂದ ಊದಿ, ಆಮೇಲೆ ಪೂರ್ತಿ ಬಿಚ್ಚಿ. ಹಾಕುವಾಗ ಸ್ಪ್ಯಾನರ್ ಬೇಡ, ಬೆರಳಲ್ಲೇ ತಿರುಗಿಸಿ. ಕೈಗೆ ಸಿಗದ ಆಳದಲ್ಲಿದ್ದರೆ ಒಂದು ತುಂಡು ರಬ್ಬರ್ ಪೈಪನ್ನು ಪ್ಲಗ್ಗಿನ ತಲೆಗೆ ಸಿಕ್ಕಿಸಿ ತಿರುಗಿಸಿ. ಥ್ರೆಡ್ ಅಡ್ಡ ಹೋದರೆ ಪೈಪು ಜಾರುತ್ತದೆ, ಹೆಡ್ ಉಳಿಯುತ್ತದೆ. ವಾಷರ್ ಇರುವ ಹೊಸ ಪ್ಲಗ್ಗಾದರೆ ಬೆರಳಲ್ಲಿ ಕೂತ ಮೇಲೆ ಅರ್ಧ ಸುತ್ತು, ಒಮ್ಮೆ ಬಳಸಿದ್ದಾದರೆ ಹನ್ನೆರಡನೇ ಒಂದು ಭಾಗ ಸುತ್ತು. ಟಾರ್ಕ್ ರೆಂಚ್ ಇದ್ದರೆ ಅಲ್ಯೂಮಿನಿಯಂ ಹೆಡ್ಡಿನಲ್ಲಿ 14 ಮಿ.ಮೀ. ಪ್ಲಗ್ಗಿಗೆ 25ರಿಂದ 30, 12 ಮಿ.ಮೀ.ಗೆ 15ರಿಂದ 20, 10 ಮಿ.ಮೀ.ಗೆ 10ರಿಂದ 12 ನ್ಯೂಟನ್ ಮೀಟರ್. ಥ್ರೆಡ್ಡಿಗೆ ಗ್ರೀಸ್ ಹಚ್ಚಿದರೆ ಅದೇ ಅಳತೆಯಲ್ಲಿ ಹೆಚ್ಚು ಬಿಗಿಯಾಗಿಬಿಡುತ್ತದೆ, ಒಣಗಿದ್ದನ್ನೇ ಹಾಕಿ.